ಒಂದೇ ಸಿಟ್ಟಿಂಗ್‌ನಲ್ಲಿ ಸಿಗರೇಟು, ವೇಪ್ ಎರಡೂ ಬಿಡಿಸುತ್ತಾರಂತೆ, ಹೋಗಬಹುದಾ ಡಾಕ್ಟರ್?

ಪ್ರಶ್ನೆ: ನನಗೆ 34 ವರ್ಷ. ಊರು ಹುಬ್ಬಳ್ಳಿ, ಕೆಲಸ ಬೆಂಗಳೂರಿನಲ್ಲಿ. ಇಂಜಿನಿಯರಿಂಗ್ ಓದುವಾಗ ಹತ್ತಿದ ಸಿಗರೇಟು ಇನ್ನೂ ಬಿಟ್ಟಿಲ್ಲ. ದಿನಕ್ಕೆ 12 ಸೇದುತ್ತಿದ್ದೆ. ಎರಡು ವರ್ಷದ ಹಿಂದೆ ಸಿಗರೇಟು ಬಿಡೋಣ ಅಂತ ವೇಪ್ (ಇ-ಸಿಗರೇಟ್) ಶುರು ಮಾಡಿದೆ. ಈಗ ಏಳೆಂಟು ಸಿಗರೇಟು, ಜೊತೆಗೆ ದಿನವಿಡೀ ವೇಪ್. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅದು ಕೈಗೆ ಬಂದಿರುತ್ತೆ. ಹೆಂಡತಿಗೆ ಈಗ ಏಳು ತಿಂಗಳು. ಮುಂದಿನ ತಿಂಗಳು ಸೀಮಂತ ಮುಗಿಸಿ ಹೆರಿಗೆಗೆ ಶಿವಮೊಗ್ಗದ ತವರಿಗೆ ಹೋಗುತ್ತಾಳೆ. ಮಗು ನಮ್ಮ ಮನೆಗೆ ಬರುವ ಹೊತ್ತಿಗೆ ಎರಡನ್ನೂ ಬಿಡಬೇಕು. ನಿಕೋಟಿನ್ ಗಮ್ ಟ್ರೈ ಮಾಡಿದೆ. ಗಂಟಲು ಉರಿ, ಬಿಕ್ಕಳಿಕೆ. ನಾಲ್ಕೇ ದಿನಕ್ಕೆ ಬಿಟ್ಟೆ. ಈಗ ಒಂದು ಹಿಪ್ನೋಥೆರಪಿ (ಸಮ್ಮೋಹನ ಚಿಕಿತ್ಸೆ) ಸೆಂಟರ್‌ನವರು ಎರಡು ಗಂಟೆಯ ಒಂದೇ ಸಿಟ್ಟಿಂಗ್, 18,000 ರೂಪಾಯಿ, 95% ಗ್ಯಾರಂಟಿ ಅಂತಿದ್ದಾರೆ. ನನ್ನ ಸಹೋದ್ಯೋಗಿ ಅಲ್ಲಿಗೆ ಹೋಗಿ ಎಂಟು ತಿಂಗಳಿಂದ ಸಿಗರೇಟು ಮುಟ್ಟಿಲ್ಲ. ಅಮ್ಮ ಕೇಳಿ ಗಾಬರಿಯಾಗಿದ್ದಾರೆ, "ಅದು ವಶೀಕರಣ ಇದ್ದಂಗೆ, ಬುದ್ಧಿ ಕೆಟ್ಟೀತು" ಅಂತಾರೆ. ಹೆಂಡತಿ, "ಮನಸ್ಸು ಗಟ್ಟಿ ಮಾಡಿದರೆ ಸಾಕು, ದುಡ್ಡು ಯಾಕೆ ದಂಡ?" ಅಂತಾಳೆ. ಇನ್ನೊಂದು ವಿಷಯ. ಮೂರು ವರ್ಷದ ಹಿಂದೆ ನನಗೆ ಡಿಪ್ರೆಶನ್ ಆಗಿ ಒಂದು ವರ್ಷ ಮಾತ್ರೆ ತಗೊಂಡಿದ್ದೆ. ಈಗ ಆರಾಮಿದ್ದೇನೆ. ಹಿಪ್ನಾಸಿಸ್‌ನಿಂದ ತೊಂದರೆ ಆಗಬಹುದಾ? ಸಿಗರೇಟು ಬಿಡಿಸುವ ಮಾತ್ರೆಗಳಿಂದ ಆತ್ಮಹತ್ಯೆ ಯೋಚನೆ ಬರುತ್ತದೆ ಎಂಬುದು ನಿಜವಾ?

ಉತ್ತರ: ನೀವು ಕೇಳಿದ್ದು ಹಿಪ್ನೋಥೆರಪಿ ಬಗ್ಗೆ. ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಬೇರೆ ಎರಡು ಮಾತಿನ ಮೇಲೆ. ಹಲ್ಲುಜ್ಜುವ ಮೊದಲೇ ವೇಪ್ ಕೈಗೆ ಬರುತ್ತದೆ ಎಂದಿರಿ. ಗಮ್ ನಾಲ್ಕೇ ದಿನಕ್ಕೆ ಬಿಟ್ಟೆ ಎಂದಿರಿ. ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಅಲ್ಲೇ ಇದೆ. ಅಲ್ಲಿಗೆ ಬರುತ್ತೇನೆ.

ಮೊದಲು ನೇರ ಉತ್ತರ. ಹಿಪ್ನೋಥೆರಪಿಗೆ ಹೋಗಲೇಬೇಡಿ ಎಂದು ನಾನು ಹೇಳುವುದಿಲ್ಲ. ನನ್ನ ಕೆಲವು ರೋಗಿಗಳಿಗೆ ನಾನೇ ಅದನ್ನು ಬಳಸುತ್ತೇನೆ. ಆದರೆ ಅದೊಂದನ್ನೇ ನಂಬಿ, ನಿಕೋಟಿನ್ ಕೊರತೆಗೆ ಬೇರೆ ಯಾವ ಏರ್ಪಾಡೂ ಇಲ್ಲದೆ, ಒಂದೇ ದಿನಕ್ಕೆ 18,000 ಕೊಟ್ಟು ಬರಬೇಡಿ. ನಿಮ್ಮಷ್ಟು ನಿಕೋಟಿನ್‌ಗೆ ಒಗ್ಗಿಹೋದವರಿಗೆ ಎರಡನೇ ವಾರದ ಹೊತ್ತಿಗೆ ದುಡ್ಡಿನ ಜೊತೆ ಧೈರ್ಯವೂ ಹೋಗಿರುತ್ತದೆ. ದುಡ್ಡು ಹೋದರೆ ಹೋಯಿತು. "ಅದೂ ಆಯ್ತು, ನನ್ನಿಂದ ಆಗಲ್ಲ ಬಿಡಿ" ಎಂಬ ಮಾತು ಮನಸ್ಸಿನಲ್ಲಿ ಕೂತರೆ ಮುಂದಿನ ಪ್ರಯತ್ನಕ್ಕೆ ವರ್ಷಗಳೇ ಹಿಡಿಯಬಹುದು.

ಅಮ್ಮನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಿಪ್ನಾಸಿಸ್ ಅಂದರೆ ನಾವೆಲ್ಲ ಮೊದಲು ಕಂಡದ್ದು ಸಿನಿಮಾದಲ್ಲಿ. ಒಬ್ಬ ಗಡಿಯಾರ ತೂಗಾಡಿಸುತ್ತಾನೆ, ಇನ್ನೊಬ್ಬ ಗೊಂಬೆಯಂತೆ ಹೇಳಿದ್ದೆಲ್ಲ ಮಾಡುತ್ತಾನೆ. ಬಸ್ಸಿನಲ್ಲಿ ವಶೀಕರಣದ ಚೀಟಿ ಅಂಟಿಸಿರುತ್ತಾರೆ. ಅಮ್ಮನ ತಲೆಯಲ್ಲಿ ಎರಡೂ ಒಂದೇ ಆಗಿವೆ. ನಿಜವಾಗಿ ಆಗುವುದು ತುಂಬ ಸಪ್ಪೆ. ಕುರ್ಚಿಯಲ್ಲಿ ಆರಾಮಾಗಿ ಕೂರಿಸುತ್ತೇವೆ. ಉಸಿರಿನ ಕಡೆ, ಕೈಯ ಭಾರದ ಕಡೆ ಗಮನ ಕೊಡಿ ಎನ್ನುತ್ತೇವೆ. ಹತ್ತು ಹದಿನೈದು ನಿಮಿಷದಲ್ಲಿ ಗಮನ ಒಂದೇ ಕಡೆ ನಿಲ್ಲುತ್ತದೆ. ಒಳ್ಳೆಯ ಕಾದಂಬರಿ ಓದುತ್ತಾ ಮೈಮರೆತಾಗ ಅಡುಗೆಮನೆಯಿಂದ ಕರೆದದ್ದು ಕೇಳಿಸುವುದಿಲ್ಲ, ಅಲ್ವಾ? ಹೆಚ್ಚುಕಡಿಮೆ ಅಂಥದ್ದೇ ಸ್ಥಿತಿ. ಅದು ನಿದ್ದೆಯಲ್ಲ. ಹೊರಗೆ ಆಟೋ ಹಾರ್ನ್ ಹೊಡೆದರೆ ಕೇಳಿಸುತ್ತದೆ. ಸಾಕು ಅನ್ನಿಸಿದರೆ ಎದ್ದು ಬರಬಹುದು. ಯಾರೂ ಅಲ್ಲೇ ಸಿಕ್ಕಿಹಾಕಿಕೊಳ್ಳುವುದಿಲ್ಲ. ನಿಮ್ಮ ಎಟಿಎಂ ಪಿನ್ ಬಾಯಿ ಬಿಡಿಸಲೂ ಆಗುವುದಿಲ್ಲ. ನಿಮಗೆ ಒಪ್ಪಿಗೆಯಿಲ್ಲದ್ದನ್ನು ಮಾಡಿಸುವ ಶಕ್ತಿ ಅದಕ್ಕಿಲ್ಲ. ಅದೇ ಕಾರಣಕ್ಕೆ, ಒಳಗೊಳಗೇ ಬಿಡುವ ಮನಸ್ಸಿಲ್ಲದವನಿಂದ ಸಿಗರೇಟು ಬಿಡಿಸುವುದೂ ಅದರ ಕೈಲಾಗದು. ಮನೆಯವರು ಎಳೆದುಕೊಂಡು ಬಂದವರಿಗೆ ನಾನು ಹಿಪ್ನಾಸಿಸ್ ಮಾಡುವುದಿಲ್ಲ.

ಅಂದಹಾಗೆ, ಇದು ನಮ್ಮ ದೇಶಕ್ಕೆ ಹೊಸದೂ ಅಲ್ಲ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ಸರ್ಜನ್ ಇದರ ಹಳೆಯ ರೂಪವಾದ ಮೆಸ್ಮರಿಸಂ ಬಳಸಿ ದೊಡ್ಡ ದೊಡ್ಡ ಗೆಡ್ಡೆಗಳನ್ನು ಆಪರೇಷನ್ ಮಾಡಿ ತೆಗೆಯುತ್ತಿದ್ದ. ಈಥರ್, ಕ್ಲೋರೋಫಾರ್ಮ್ ಬಂದ ಮೇಲೆ ಅದು ಮೂಲೆ ಸೇರಿತು. ಇವತ್ತಿಗೂ ನೋವಿಗೆ, ಹೊಟ್ಟೆಯ ಐಬಿಎಸ್ ತೊಂದರೆಗೆ ಹಿಪ್ನಾಸಿಸ್ ಬಳಸುವುದರ ಹಿಂದೆ ಒಳ್ಳೆಯ ಸಂಶೋಧನೆ ಇದೆ. ಸಿಗರೇಟಿನ ವಿಷಯದಲ್ಲಿ ಕಥೆ ಅಷ್ಟು ಚೆನ್ನಾಗಿಲ್ಲ.

ಒಂದೇ ಸಿಟ್ಟಿಂಗ್ ಎನ್ನುವ ಐಡಿಯಾ ಪ್ರಸಿದ್ಧವಾದದ್ದು ಅಮೆರಿಕದ ಮನೋವೈದ್ಯ ಹರ್ಬರ್ಟ್ ಸ್ಪೀಗಲ್ ಅವರಿಂದ. 1970ರಲ್ಲಿ ಅವರು ತಮ್ಮ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಮೂರೇ ಮಾತು: ಹೊಗೆ ನಿಮ್ಮ ದೇಹಕ್ಕೆ ವಿಷ, ಬದುಕಲು ಆ ದೇಹ ಬೇಕು, ಅದನ್ನು ಗೌರವದಿಂದ ಕಾಪಾಡುವ ಹೊಣೆ ನಿಮ್ಮದು. ಹಿಪ್ನಾಸಿಸ್‌ನಲ್ಲಿ ಇದನ್ನು ಮನಸ್ಸಿಗೆ ಹಾಕಿ, ಆಮೇಲೆ ತಾನೇ ಮಾಡಿಕೊಳ್ಳುವುದನ್ನು ಕಲಿಸಿ ಕಳಿಸುತ್ತಿದ್ದರು. ಆರು ತಿಂಗಳ ನಂತರ ಐವರಲ್ಲಿ ಒಬ್ಬರು ಬಿಟ್ಟಿದ್ದರು ಎಂಬುದು ಅವರದೇ ವರದಿ. ಗಮನಿಸಿ, ಈ ವಿಧಾನಕ್ಕೆ ಹೆಸರು ತಂದುಕೊಟ್ಟ ಮನುಷ್ಯನೇ ಹೇಳಿದ್ದು ನೂರಕ್ಕೆ ಸುಮಾರು 20. ನಿಮ್ಮ ಸೆಂಟರ್‌ನವರು ಹೇಳುವುದು 95.

ಆಮೇಲೆ ಬೇರೆಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಕಾಕ್ರೇನ್ ಎಂಬ ಸಂಸ್ಥೆಯವರು ಒಟ್ಟಿಗೆ ಇಟ್ಟು ತೂಗಿದ್ದಾರೆ. 2019ರ ಅವರ ಲೆಕ್ಕದಲ್ಲಿ 14 ಅಧ್ಯಯನ, 1,926 ಜನ. ಬೇರೆ ಬಗೆಯ ಕೌನ್ಸೆಲಿಂಗ್‌ಗಿಂತ, ಅಥವಾ ಯಾರ ಸಹಾಯವೂ ಇಲ್ಲದೆ ಬಿಡುವುದಕ್ಕಿಂತ, ಹಿಪ್ನೋಥೆರಪಿ ಮೇಲು ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದರು. ಲಾಭ ಇದ್ದರೂ ಸಣ್ಣದೇ ಇರಬಹುದು ಎಂದರು. ಕೆಲಸವನ್ನೇ ಮಾಡುವುದಿಲ್ಲ ಎಂದು ಅವರು ಹೇಳಲಿಲ್ಲ. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು ಸ್ವಿಟ್ಜರ್ಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ. 223 ಧೂಮಪಾನಿಗಳು. ಕೆಲವರಿಗೆ ಗುಂಪಿನಲ್ಲಿ ಒಂದೇ ಸಲ ಹಿಪ್ನೋಥೆರಪಿ, ಉಳಿದವರಿಗೆ ಅದೇ ಥರ ಒಂದೇ ಸಲ ಬರೀ ರಿಲ್ಯಾಕ್ಸೇಶನ್. ಆರು ತಿಂಗಳ ನಂತರ ನೋಡಿದರೆ ಹಿಪ್ನೋಥೆರಪಿಯವರಲ್ಲಿ 14.7% ಬಿಟ್ಟಿದ್ದರು, ಸುಮ್ಮನೆ ರಿಲ್ಯಾಕ್ಸ್ ಮಾಡಿದವರಲ್ಲಿ 17.8%. ಅಂದರೆ ಎರಡಕ್ಕೂ ವ್ಯತ್ಯಾಸವೇನೂ ಕಾಣಲಿಲ್ಲ. ಇದೆಲ್ಲ ಸಿಗರೇಟಿನ ಮಾತು. ವೇಪ್‌ಗೆ ಹಿಪ್ನೋಥೆರಪಿಯ ಪುರಾವೆ ಇದಕ್ಕಿಂತಲೂ ತೆಳ್ಳಗಿದೆ.

ಹಾಗಾದರೆ 95% ಎಲ್ಲಿಂದ ಬರುತ್ತದೆ? ಸುಳ್ಳೇ ಹೇಳಬೇಕಾಗಿಲ್ಲ, ಲೆಕ್ಕ ಹಾಕುವ ರೀತಿಯಲ್ಲೇ ಬರುತ್ತದೆ. ಸಿಟ್ಟಿಂಗ್ ಮುಗಿದ ದಿನ ಕೇಳಿದರೆ ಎಲ್ಲರೂ "ಬಿಟ್ಟೆ" ಎನ್ನುತ್ತಾರೆ. ಒಂದು ವಾರಕ್ಕೆ ಫೋನ್ ಮಾಡಿದರೆ ಮತ್ತೆ ಸೇದುತ್ತಿರುವವರು ಫೋನ್ ಎತ್ತುವುದಿಲ್ಲ, ಅವರನ್ನು ಲೆಕ್ಕದಿಂದ ಬಿಡುತ್ತಾರೆ. ಸಂಶೋಧನೆಯಲ್ಲಿ ನಾವು ಫೋನ್ ಎತ್ತದವರನ್ನು ಸೇದುವವರು ಎಂದೇ ಬರೆದುಕೊಳ್ಳುತ್ತೇವೆ. ಆರು ತಿಂಗಳು ಕಾಯುತ್ತೇವೆ. ಬಾಯಿಮಾತು ನಂಬದೆ ಉಸಿರಿನಲ್ಲಿ ಹೊಗೆಯ ಕುರುಹಾದ ಕಾರ್ಬನ್ ಮಾನಾಕ್ಸೈಡ್ ಅಳೆಯುತ್ತೇವೆ. ಇದನ್ನೆಲ್ಲ ಮಾಡಿದ ಮೇಲೂ 95 ಉಳಿಯುವ ಚಿಕಿತ್ಸೆ ಈ ಲೋಕದಲ್ಲಿ ಯಾವುದೂ ಇಲ್ಲ. ನಾನು ಕೊಡುವ ಔಷಧಿಗಳೂ ಸೇರಿ.

ನಿಮ್ಮ ಸಹೋದ್ಯೋಗಿ ಬಿಟ್ಟಿದ್ದು ಮಾತ್ರ ನಿಜ, ಅದನ್ನು ಅನುಮಾನಿಸಬೇಡಿ. ನೂರರಲ್ಲಿ ಹತ್ತು ಹದಿನೈದು ಜನ ಹಿಪ್ನಾಸಿಸ್‌ಗೆ ಬಹಳ ಚೆನ್ನಾಗಿ ಸ್ಪಂದಿಸುತ್ತಾರೆ. ಹೆಚ್ಚುಕಡಿಮೆ ಅಷ್ಟೇ ಜನಕ್ಕೆ ಏನೂ ಆಗುವುದಿಲ್ಲ. ಉಳಿದವರು ನಡುವೆ. ನಿಮ್ಮ ಸಹೋದ್ಯೋಗಿ ಆ ಮೊದಲ ಗುಂಪಿನವರಿರಬಹುದು. ದಿನಕ್ಕೆ ಎರಡು ಮೂರು ಮಾತ್ರ ಸೇದುತ್ತಿದ್ದವರಿರಬಹುದು. 18,000 ಕೊಟ್ಟ ಮೇಲೆ ಸೇದಲು ಮನಸ್ಸು ಬರದೇ ಇದ್ದಿರಬಹುದು. ನಗಬೇಡಿ, ಅದೂ ಕೆಲಸ ಮಾಡುತ್ತದೆ. ಅವರನ್ನು ಒಂದೇ ಪ್ರಶ್ನೆ ಕೇಳಿ ನೋಡಿ: ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತಿದ್ದಿರಿ?

ಹೊಸ ರೋಗಿ ಬಂದರೆ ನಾನೂ ಮೊದಲು ಕೇಳುವುದು ಅದನ್ನೇ. ದಿನಕ್ಕೆ ಎಷ್ಟು ಎಂಬುದು ಆಮೇಲೆ. ಯಾಕೆಂದರೆ ನಿಕೋಟಿನ್ ದೇಹದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಏಳೆಂಟು ಗಂಟೆ ನಿದ್ದೆ ಮಾಡಿ ಎದ್ದಾಗ ಮಿದುಳು ನಿಕೋಟಿನ್ ಇಲ್ಲದೆ ಒಣಗಿರುತ್ತದೆ. ವರ್ಷಗಟ್ಟಲೆ ನಿಕೋಟಿನ್ ಹೋದ ಮಿದುಳಿನಲ್ಲಿ ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳ ಸಂಖ್ಯೆಯೇ ಹೆಚ್ಚಾಗಿರುತ್ತದೆ. ಅವೆಲ್ಲ ಖಾಲಿಯಾಗಿ ಕೂಗತೊಡಗುತ್ತವೆ. ಎದ್ದು ಒಂದು ಗಂಟೆ ಕಳೆದರೂ ನೆನಪಾಗದವನ ಚಟದಲ್ಲಿ ಅಭ್ಯಾಸದ ಪಾಲು ದೊಡ್ಡದು. ಅರ್ಧ ಗಂಟೆಯೊಳಗೆ ಬೇಕೇಬೇಕು ಎನ್ನುವವನ ಚಟದಲ್ಲಿ ರಾಸಾಯನಿಕದ ಪಾಲು ದೊಡ್ಡದು. ನೀವು ಹಲ್ಲುಜ್ಜಲೂ ಕಾಯುವುದಿಲ್ಲ. ಅಭ್ಯಾಸದ ಪಾಲನ್ನು ಹಿಪ್ನಾಸಿಸ್ ಮುಟ್ಟಬಹುದು. ಖಾಲಿಯಾದ ರಿಸೆಪ್ಟರ್‌ಗೆ ಎಷ್ಟೇ ಇಂಪಾದ ದನಿಯಲ್ಲಿ ಸಲಹೆ ಕೊಟ್ಟರೂ ಅದು ಕೇಳುವುದಿಲ್ಲ.

ನಿಮ್ಮ ಹೆಂಡತಿಗೂ ಇದನ್ನೇ ಹೇಳಿ. ಅವರ ಮಾತಿನಲ್ಲಿ ಕಾಳಜಿ ಇದೆ, ತಪ್ಪು ಹುಡುಕುತ್ತಿಲ್ಲ. ಆದರೆ ಬರೀ ಮನಸ್ಸು ಗಟ್ಟಿ ಮಾಡಿ ಬಿಟ್ಟವರಲ್ಲಿ ಆರು ತಿಂಗಳಿಂದ ಒಂದು ವರ್ಷದ ನಂತರವೂ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಜನ. ಉಳಿದವರೆಲ್ಲ ಮನಸ್ಸು ಮೆತ್ತಗಿರುವವರು ಎಂದು ಹೇಳಲಾದೀತೇ?

ಇನ್ನು ವೇಪ್. ಸಿಗರೇಟಿಗೆ ಒಂದು ಕೊನೆ ಇದೆ. ಹಚ್ಚಿದ್ದು ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಅದಕ್ಕೆ ಎದ್ದು ಹೊರಗೆ ಹೋಗಬೇಕು, ಬಟ್ಟೆ ವಾಸನೆ ಬರುತ್ತದೆ. ವೇಪ್‌ಗೆ ಅಂಥ ಬೇಲಿಯಿಲ್ಲ. ಮೀಟಿಂಗ್ ಮಧ್ಯೆ ಬಾತ್‌ರೂಮಿನಲ್ಲಿ, ಹಾಸಿಗೆಯಲ್ಲಿ, ಸಿಗ್ನಲ್‌ನಲ್ಲಿ ಒಂದೊಂದು ಎಳೆತ. ಈಗ ವೇಪ್‌ಗೆ ಹಾಕಲು ಬರುವ ಪಾಡ್‌ಗಳಲ್ಲಿ, ಅಂದರೆ ದ್ರವ ತುಂಬಿದ ಡಬ್ಬಿಗಳಲ್ಲಿ, ಹೆಚ್ಚಾಗಿ ಇರುವುದು ನಿಕೋಟಿನ್ ಸಾಲ್ಟ್. ಗಂಟಲಿಗೆ ಉರಿ ಕಡಿಮೆ, ಹಾಗಾಗಿ ಪ್ರಮಾಣ ಜಾಸ್ತಿ ಒಳಗೆ ಹೋದರೂ ಗೊತ್ತಾಗುವುದಿಲ್ಲ. 2% ಎಂದು ಬರೆದ 2 ಮಿ.ಲೀ. ಪಾಡ್‌ನಲ್ಲಿ 40 ಮಿ.ಗ್ರಾಂ ನಿಕೋಟಿನ್ ಇರುತ್ತದೆ. ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವುದು 1ರಿಂದ 1.5 ಮಿ.ಗ್ರಾಂ. ಪಾಡ್‌ನಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ, ಸರಿ. ಆದರೂ ಅಂದಾಜು ಸಿಗುತ್ತದೆ.

ಅದೂ ಲೇಬಲ್ ನಿಜವಾಗಿದ್ದರೆ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಹಾಗಾಗಿ ನಿಮ್ಮ ಕೈಗೆ ಬರುವುದೆಲ್ಲ ಕದ್ದು ಬಂದ ಮಾಲು. ಒಳಗೆ ಏನಿದೆ, ಎಷ್ಟಿದೆ ಎಂದು ಯಾರೂ ಪರೀಕ್ಷೆ ಮಾಡಿಲ್ಲ. ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ವೇಪ್ ಬಳಸಿ ಎಂದು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದಲ್ಲ ಎಂದು ನನ್ನ ಬಳಿ ಬರುವ ಹುಡುಗರು ವಾದ ಮಾಡುತ್ತಾರೆ. ಹೌದು, ಹೇಳುತ್ತದೆ. ಅಲ್ಲಿ ನಿಕೋಟಿನ್ ಮಿತಿ ಇದೆ, ಮತ್ತು ಸಿಗರೇಟನ್ನು ಪೂರ್ತಿ ಬಿಟ್ಟು ಅದಕ್ಕೆ ಬನ್ನಿ ಎಂಬುದು ಸಲಹೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಲಾಭವಿಲ್ಲ. ಹೊಗೆಯ ವಿಷ ಪೂರ್ತಿ ತಪ್ಪಿಲ್ಲ, ನಿಕೋಟಿನ್ ಚಟ ಮಾತ್ರ ಹಾಗೇ ಉಳಿದಿದೆ.

ಈಗ ಗಮ್ ವಿಷಯ. ಗಂಟಲು ಉರಿ, ಬಿಕ್ಕಳಿಕೆ ಎಂದು ಬರೆದಿದ್ದೀರಿ. ಈ ಎರಡು ಲಕ್ಷಣ ಕೇಳಿದ ಕೂಡಲೇ ಹೇಳಬಹುದು, ನೀವು ಅದನ್ನು ಚೂಯಿಂಗ್ ಗಮ್ ಥರ ಜಗಿದು ಜಗಿದು ಉಗುಳು ನುಂಗಿದ್ದೀರಿ. ತಪ್ಪು ನಿಮ್ಮದಲ್ಲ. ಮೆಡಿಕಲ್ ಶಾಪ್‌ನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಈ ಗಮ್‌ನ ನಿಕೋಟಿನ್ ರಕ್ತಕ್ಕೆ ಸೇರಬೇಕಾದ್ದು ಕೆನ್ನೆಯ ಒಳಚರ್ಮದಿಂದ. ಹೊಟ್ಟೆಗೆ ಹೋದರೆ ಅಲ್ಲಿ ಉರಿ, ಬಿಕ್ಕಳಿಕೆ. ಹೀರಿಕೊಂಡದ್ದರ ಬಹುಪಾಲನ್ನು ಲಿವರ್ ಒಡೆದುಹಾಕುತ್ತದೆ, ಮಿದುಳಿಗೆ ತಲುಪುವುದು ಅಷ್ಟಕ್ಕಷ್ಟೆ. ಕಷ್ಟವೂ ಆಯಿತು, ಬಯಕೆಯೂ ತೀರಲಿಲ್ಲ.

ಸರಿಯಾದ ರೀತಿ ಹೀಗೆ. ನಿಧಾನಕ್ಕೆ ಕೆಲವು ಸಲ ಜಗಿಯಿರಿ. ಮೆಣಸಿನ ಖಾರದಂಥ ರುಚಿ ಅಥವಾ ಜುಮ್ಮೆನ್ನುವ ಅನುಭವ ಬಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ಮಧ್ಯೆ ಇಟ್ಟುಬಿಡಿ. ಜುಮ್ಮೆನ್ನುವುದು ಹೋದ ಮೇಲೆ ಮತ್ತೆ ನಾಲ್ಕಾರು ಸಲ ಜಗಿದು ಇನ್ನೊಂದು ಕಡೆ ಇಡಿ. ಒಂದು ಗಮ್ ಹೀಗೆ ಅರ್ಧ ಗಂಟೆ ಬರಬೇಕು. ಅದಕ್ಕೆ ಮುಂಚಿನ 15 ನಿಮಿಷ ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಜ್ಯೂಸ್, ಸೋಡಾ ಕುಡಿಯಬೇಡಿ. ಬಾಯಿ ಹುಳಿಯಾದರೆ ನಿಕೋಟಿನ್ ಹೀರುವುದಿಲ್ಲ. ಮೊದಲ ವಾರಗಳಲ್ಲಿ ಗಂಟೆ ಎರಡು ಗಂಟೆಗೊಂದು ಬೇಕಾಗುತ್ತದೆ. ದಿನಕ್ಕೆ ಎರಡು ಮೂರು ತಿಂದು "ಗಮ್ ಕೆಲಸ ಮಾಡಲಿಲ್ಲ" ಎನ್ನುವವರೇ ಹೆಚ್ಚು. ನೀವು ತಗೊಂಡದ್ದು ಬಹುಶಃ 2 ಮಿ.ಗ್ರಾಂ, ಅದು ಚೀಟಿ ಇಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ನಿಕೋಟಿನ್ ಬೇಕೆನ್ನುವವರಿಗೆ ಬೇಕಾದ್ದು 4 ಮಿ.ಗ್ರಾಂ. ಅದಕ್ಕೆ ಡಾಕ್ಟರ್ ಚೀಟಿ ಬೇಕು.

ನಿಮ್ಮಂಥವರಿಗೆ ಗಮ್ ಒಂದೇ ಸಾಲದು. ಚರ್ಮಕ್ಕೆ ಅಂಟಿಸುವ ಪ್ಯಾಚ್ ಜೊತೆಗೆ ಕೊಡುತ್ತೇನೆ. ಪ್ಯಾಚ್ ದಿನವಿಡೀ ಒಂದೇ ಮಟ್ಟದಲ್ಲಿ ನಿಕೋಟಿನ್ ಕೊಡುತ್ತದೆ, ಥಟ್ಟನೆ ಬರುವ ಬಯಕೆಗೆ ಗಮ್. ಒಂದನ್ನೇ ಬಳಸುವುದಕ್ಕಿಂತ ಎರಡೂ ಸೇರಿದರೆ ಬಿಡುವ ಸಾಧ್ಯತೆ ಹೆಚ್ಚು ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ದೊಡ್ಡ ಪ್ಯಾಚ್‌ನಿಂದ ಶುರು ಮಾಡಿ ಕೆಲವು ವಾರಗಳಲ್ಲಿ ಚಿಕ್ಕದಕ್ಕೆ ಇಳಿಸುತ್ತೇವೆ. ಚರ್ಮ ಕೆರೆತ ಬರಬಹುದು, ಜಾಗ ಬದಲಾಯಿಸಬೇಕು. ಕನಸು ಜಾಸ್ತಿಯಾದರೆ ರಾತ್ರಿ ತೆಗೆಯಬಹುದು. "ಪ್ಯಾಚ್ ಹಾಕಿಕೊಂಡು ಸಿಗರೇಟು ಸೇದಿದರೆ ಹಾರ್ಟ್ ಅಟ್ಯಾಕ್" ಎಂಬ ಮಾತು ಆಫೀಸುಗಳಲ್ಲಿ ಓಡಾಡುತ್ತದೆ. ಅದು ನಿಜವಲ್ಲ. ಈ ಭಯದಿಂದ ಒಂದು ಸಿಗರೇಟು ಸೇದಿದವರು ಪ್ಯಾಚನ್ನೇ ಕಿತ್ತು ಹಾಕುತ್ತಾರೆ. ಆಮೇಲೆ ಇಡೀ ಪ್ಯಾಕೆಟ್ಟೇ ಬರುತ್ತದೆ.

ಮಾತ್ರೆಗಳಲ್ಲಿ ಮುಖ್ಯವಾದದ್ದು ವರೆನಿಕ್ಲಿನ್. ನಿಕೋಟಿನ್ ಕೂರುವ ರಿಸೆಪ್ಟರ್‌ನಲ್ಲೇ ಹೋಗಿ ಕೂತು ಅದನ್ನು ಅರ್ಧಂಬರ್ಧ ತಣಿಸುತ್ತದೆ. ಆಮೇಲೆ ಸಿಗರೇಟು ಸೇದಿದರೂ ಮಜಾ ಬರುವುದಿಲ್ಲ. ಬಿಡುವ ಸಾಧ್ಯತೆಯನ್ನು ಎರಡು ಪಟ್ಟಿಗಿಂತ ಹೆಚ್ಚಿಸುತ್ತದೆ. ವೇಪ್‌ಗೂ ಕೆಲಸ ಮಾಡುತ್ತದೆ ಎನ್ನಲು ಈಗ ಆಧಾರವಿದೆ. 2025ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 16ರಿಂದ 25 ವಯಸ್ಸಿನ ವೇಪ್ ಚಟದವರಿಗೆ 12 ವಾರ ಈ ಮಾತ್ರೆ ಕೊಟ್ಟರು. ಕೊನೆಯ ನಾಲ್ಕು ವಾರ ವೇಪ್ ಮುಟ್ಟದೇ ಇದ್ದವರು 51%. ಔಷಧಿಯಿಲ್ಲದ ಖಾಲಿ ಮಾತ್ರೆ ತಗೊಂಡವರಲ್ಲಿ 14%. ವಾಕರಿಕೆ ಬರುವುದು ಸಾಮಾನ್ಯ, ಊಟದ ನಂತರ ತಗೊಂಡರೆ ಕಡಿಮೆ. ವಿಚಿತ್ರ ಕನಸುಗಳೂ ಬೀಳುತ್ತವೆ.

ನೀವು ಕೇಳಿದ ಆತ್ಮಹತ್ಯೆಯ ಮಾತು ಈ ಮಾತ್ರೆಯದ್ದೇ. ಅದಕ್ಕೊಂದು ಇತಿಹಾಸವಿದೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣದವರು ಔಷಧಿಯ ಮಾಹಿತಿ ಚೀಟಿಯಲ್ಲಿ ಅಂಥದ್ದೊಂದು ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದ್ದರು. ಆಮೇಲೆ ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಅವರಲ್ಲಿ ಅರ್ಧದಷ್ಟು ಜನ ನಿಮ್ಮ ಹಾಗೆ ಮನೋವೈದ್ಯರನ್ನು ಕಂಡಿದ್ದವರು. ಪ್ಯಾಚ್‌ಗಿಂತ, ಖಾಲಿ ಮಾತ್ರೆಗಿಂತ ಹೆಚ್ಚಿನ ಅಪಾಯ ಕಾಣಲಿಲ್ಲ. 2016ರ ಕೊನೆಗೆ ಆ ಎಚ್ಚರಿಕೆಯನ್ನು ತೆಗೆದರು. ಆದರೂ ನಿಮಗೆ ಹಿಂದೆ ಡಿಪ್ರೆಶನ್ ಆಗಿರುವುದರಿಂದ ಒಂದು ಮಾತು. ನಿಕೋಟಿನ್ ಬಿಟ್ಟ ಮೊದಲ ಎರಡು ಮೂರು ವಾರ ಮಂಕು, ಸಿಡಿಮಿಡಿ, ನಿದ್ದೆಗೇಡು ಬಹಳಷ್ಟು ಜನಕ್ಕೆ ಬರುತ್ತದೆ. ನಿಮಗೆ ಅದು ಮೂರು ವಾರ ದಾಟಿಯೂ ಇಳಿಯದಿದ್ದರೆ, ಅಥವಾ ಬದುಕೇ ಬೇಡ ಎಂಬಂಥ ಯೋಚನೆ ಒಮ್ಮೆ ಬಂದರೂ, ಆ ದಿನವೇ ನಿಮ್ಮ ಹಳೆಯ ಡಾಕ್ಟರನ್ನು ಕಾಣಿ. ಕೆಲವು ತಿಂಗಳು ದಾಟಿದವರಲ್ಲಿ ಆತಂಕ, ಖಿನ್ನತೆ ಮೊದಲಿಗಿಂತ ಕಡಿಮೆಯಾಗುತ್ತದೆ. "ಸಿಗರೇಟೇ ನನ್ನ ಟೆನ್ಷನ್‌ಗೆ ಔಷಧಿ" ಎನ್ನುವವರ ಅರ್ಧ ಟೆನ್ಷನ್ ಮುಂದಿನ ಸಿಗರೇಟಿನ ಕೊರತೆಯೇ ಆಗಿರುತ್ತದೆ. ಬುಪ್ರೊಪಿಯಾನ್ ಎಂಬ ಇನ್ನೊಂದು ಮಾತ್ರೆಯೂ ಇದೆ, ಅದು ಖಿನ್ನತೆಗೂ ಬಳಸುವಂಥದ್ದು. ಫಿಟ್ಸ್ ಇದ್ದವರಿಗೆ ಅದನ್ನು ಕೊಡುವಂತಿಲ್ಲ.

ಸಣ್ಣದೊಂದು ವಿಷಯ, ಯಾರೂ ಹೇಳುವುದಿಲ್ಲ. ಸಿಗರೇಟಿನ ಹೊಗೆ ಲಿವರ್‌ನಲ್ಲಿ ಕೆಫೀನ್ ಒಡೆಯುವ ಕೆಲಸವನ್ನು ಚುರುಕು ಮಾಡಿರುತ್ತದೆ. ಹೊಗೆ ನಿಂತ ಕೆಲವೇ ದಿನಕ್ಕೆ ಅದು ನಿಧಾನವಾಗುತ್ತದೆ. ಅಷ್ಟೇ ಫಿಲ್ಟರ್ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟಾಗುತ್ತದೆ. ಎದೆ ಢವಢವ, ಕೈ ನಡುಕ, ನಿದ್ದೆ ಇಲ್ಲ. ಜನ ಇದನ್ನು ಸಿಗರೇಟು ಬಿಟ್ಟ ತೊಂದರೆ ಎಂದುಕೊಂಡು ವಾಪಸ್ ಹಚ್ಚುತ್ತಾರೆ. ಬಿಡುವ ದಿನದಿಂದಲೇ ಕಾಫಿ ಅರ್ಧ ಮಾಡಿ. ಟೀ ಅಂಗಡಿಯ ಮುಂದೆ ನಿಲ್ಲುವುದೂ ಅಷ್ಟು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಹಿಪ್ನಾಸಿಸ್‌ಗೆ ಜಾಗ ಎಲ್ಲಿ? ಅದೇ ಟೀ ಅಂಗಡಿಯ ಮುಂದೆ. ಊಟ ಆದ ಕೂಡಲೇ, ಮ್ಯಾನೇಜರ್ ಬೈದ ಕೂಡಲೇ, ಬಿಯರ್ ಗ್ಲಾಸ್ ಕೈಗೆ ಬಂದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತದಲ್ಲ, ಅಲ್ಲಿ. ನಾನು ಮಾಡುವಾಗ ಮೊದಲ ಸಲ ಹಿಪ್ನಾಸಿಸ್ ಮಾಡುವುದೇ ಇಲ್ಲ. ಯಾವ ಹೊತ್ತಿಗೆ, ಯಾರ ಜೊತೆ, ಯಾಕೆ ಎಂದು ಬರೆಸಿಕೊಳ್ಳುತ್ತೇನೆ. ಆಮೇಲಿನ ಮೂರು ನಾಲ್ಕು ಭೇಟಿಗಳಲ್ಲಿ ಆ ಸನ್ನಿವೇಶಗಳನ್ನೇ ಕಣ್ಣು ಮುಚ್ಚಿಸಿ ಕಾಣಿಸುತ್ತೇನೆ. ಊಟ ಮುಗಿಯಿತು, ಗೆಳೆಯ ಪ್ಯಾಕೆಟ್ ಚಾಚಿದ, ಬಯಕೆ ಏರಿತು, ನೀವು ಉಸಿರು ಎಳೆದು ಬಿಟ್ಟಿರಿ, ಕೆಲವೇ ನಿಮಿಷದಲ್ಲಿ ಅದು ಇಳಿಯಿತು. ಬಯಕೆ ಇಳಿಯುವುದನ್ನು ದೇಹಕ್ಕೆ ಮುಂಚೆಯೇ ಅನುಭವಕ್ಕೆ ತರುವುದಷ್ಟೇ ಉದ್ದೇಶ. ಅದನ್ನು ಮನೆಯಲ್ಲಿ ಹತ್ತು ನಿಮಿಷ ತಾವೇ ಮಾಡಿಕೊಳ್ಳಲು ಕಲಿಸುತ್ತೇನೆ. ಕಲಿತು ದಿನಾ ಮಾಡುವವರಿಗೆ ಉಪಯೋಗ ಆಗಿದ್ದನ್ನು ನೋಡಿದ್ದೇನೆ. ನನ್ನ ಕುರ್ಚಿಯಲ್ಲಿ ಮಾತ್ರ ಕಣ್ಣು ಮುಚ್ಚುವವರಿಗೆ ಏನೂ ಆಗುವುದಿಲ್ಲ.

ನಿಮ್ಮ ಹಳೆಯ ಡಿಪ್ರೆಶನ್ ಇದಕ್ಕೆ ಅಡ್ಡಿಯಲ್ಲ, ಆದರೆ ಮುಚ್ಚಿಡಬೇಡಿ. ಸೈಕೋಸಿಸ್ ಎಂಬ, ವಾಸ್ತವದ ಅರಿವು ತಪ್ಪುವ ಕಾಯಿಲೆ ಇದ್ದವರಿಗೆ, ಇಲ್ಲದ ದನಿ ಕೇಳಿಸುವವರಿಗೆ, ಹಳೆಯ ಆಘಾತದ ನೆನಪು ಇನ್ನೂ ಹಸಿಯಾಗಿರುವವರಿಗೆ ನಾನು ಹಿಪ್ನಾಸಿಸ್ ಮಾಡುವುದಿಲ್ಲ. ಇನ್ನೊಂದು ಕಾಟ ಈಗ ಜಾಸ್ತಿಯಾಗಿದೆ. ಸಿಗರೇಟಿನ ಮೂಲ ಹುಡುಕುತ್ತೇವೆ ಎಂದು ಬಾಲ್ಯಕ್ಕೆ, ಅಲ್ಲಿಂದ ಹಿಂದಿನ ಜನ್ಮಕ್ಕೆ ಕರೆದುಕೊಂಡು ಹೋಗುವವರು. ಹಿಪ್ನಾಸಿಸ್‌ನಲ್ಲಿ ನಡೆಯದ ಘಟನೆಯೂ ನಡೆದ ನೆನಪಿನಂತೆ ಮನಸ್ಸಿನಲ್ಲಿ ಕೂತುಬಿಡಬಹುದು. ಹಿಂದಿನ ಜನ್ಮದ ಮಾತು ತೆಗೆದರೆ ಅಲ್ಲಿಂದ ಎದ್ದು ಬನ್ನಿ. ನಿಮ್ಮ ಸಿಗರೇಟು ಇಂಜಿನಿಯರಿಂಗ್ ಹಾಸ್ಟೆಲಿನಿಂದ ಬಂದಿದೆ, ಅದಕ್ಕೂ ಹಿಂದೆ ಹೋಗುವ ಅಗತ್ಯವಿಲ್ಲ.

ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಹಿಪ್ನೋಥೆರಪಿಸ್ಟ್ ಎಂದು ಬೋರ್ಡ್ ಹಾಕಿಕೊಂಡವರು ಬೇಕಾದಷ್ಟಿದ್ದಾರೆ. ಆ ಸೆಂಟರ್‌ಗೆ ಫೋನ್ ಮಾಡಿ ಕೇಳಿ. ಮಾಡುವವರು ಮನೋವೈದ್ಯರಾ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟಾ? ಜೊತೆಗೆ ಪ್ಯಾಚ್, ಮಾತ್ರೆ ತಗೊಳ್ಳಲು ಬಿಡುತ್ತೀರಾ? ಆರು ತಿಂಗಳಿಗೆ ವಿಚಾರಿಸುತ್ತೀರಾ? 95% ಎಂದರೆ ಯಾವತ್ತಿನ ಲೆಕ್ಕ? ಮಾತ್ರೆ ಬೇಡ, ಇದೇ ಸಾಕು ಎಂದರೆ ಅಲ್ಲಿಗೆ ಫೋನ್ ಇಡಿ. ಸರಿಯಾದ ಉತ್ತರ ಕೊಟ್ಟರೆ, ಮತ್ತು 18,000 ನಿಮ್ಮ ಕೈಗೆ ಭಾರವಲ್ಲದಿದ್ದರೆ, ಹೋಗಿ ಬನ್ನಿ. ಆದರೆ ಅದಕ್ಕೂ ಮೊದಲು ದುಡ್ಡು ಖರ್ಚಿಲ್ಲದ್ದನ್ನು ಮಾಡಿ. ನಿಮ್ಮ ಸಿಗರೇಟು ಪ್ಯಾಕೆಟ್ಟಿನ ಮೇಲೆ ಚಿತ್ರದ ಜೊತೆ 1800-11-2356 ಎಂದು ಒಂದು ನಂಬರ್ ಇರುತ್ತದೆ. ಅದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್, ಅಂದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ. ದಕ್ಷಿಣದ ಭಾಷೆಗಳ ಕರೆಗಳನ್ನು ನಿಮ್ಹಾನ್ಸ್‌ನ ಕೇಂದ್ರ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೀಸ್ ಇಲ್ಲ. ಅವರೇ ತಿರುಗಿ ಫೋನ್ ಮಾಡಿ ವಿಚಾರಿಸುತ್ತಾರೆ. ನೇರವಾಗಿ ತೋರಿಸಲು ನಿಮ್ಹಾನ್ಸ್‌ನ ವ್ಯಸನ ವಿಭಾಗ ಇದೆ. ಊರಿಗೆ ಹೋದಾಗ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ದಿನ ಯಾವುದು ಎಂಬ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ. ಮಗು ಮನೆಗೆ ಬರುವ ಹೊತ್ತಿಗೆ ಎಂದಿದ್ದೀರಿ. ಅಂದರೆ ಹೆಂಡತಿ ತವರಿಗೆ ಹೋದ ಮೇಲೆ ಶುರು ಮಾಡುವ ಯೋಚನೆ ಇರಬಹುದು. ಹಾಗೆ ಮಾಡಬೇಡಿ. ಒಬ್ಬರೇ ಮನೆಯಲ್ಲಿ, ಕೇಳುವವರಿಲ್ಲ, ದಿಂಬಿನ ಪಕ್ಕ ವೇಪ್. ಬಿಟ್ಟ ಮೇಲಿನ ಕಷ್ಟ ಮೊದಲ ಮೂರು ದಿನದಲ್ಲಿ ತುದಿ ಮುಟ್ಟಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಆ ವಾರಗಳು ಅವರು ಜೊತೆಯಲ್ಲಿರುವಾಗಲೇ ಕಳೆಯಲಿ. ಈ ವಾರ ಡಾಕ್ಟರನ್ನು ಕಂಡು, ಮುಂದಿನ ವಾರ ಒಂದು ದಿನ ಗೊತ್ತು ಮಾಡಿ. ವರೆನಿಕ್ಲಿನ್ ಆದರೆ ಆ ದಿನಕ್ಕೆ ಒಂದು ವಾರ ಮೊದಲೇ ಶುರುವಾಗಬೇಕು. ಏಳು ತಿಂಗಳ ಗರ್ಭಿಣಿಯ ಪಕ್ಕ ಹೊಗೆಯಾಗಲಿ ವೇಪ್‌ನ ಆವಿಯಾಗಲಿ ಇರಬಾರದು, ಅದಕ್ಕೂ ಕಾಯುವುದು ಬೇಡ.

ಸಿಗರೇಟು ಮೊದಲು ಬಿಟ್ಟು ವೇಪ್ ಆಮೇಲೆ ನಿಧಾನಕ್ಕೆ ಬಿಡುವುದು ಒಂದು ದಾರಿ. ಕೆಲವರಿಗೆ ಅದು ಸುಲಭ. ಆದರೆ ವೇಪ್ ಹಾಗೇ ಉಳಿದುಬಿಡುವ ಅಪಾಯ ಇದೆ, ನಿಮ್ಮಲ್ಲಿ ಈಗಾಗಲೇ ಹಾಗಾಗಿದೆ. ಎರಡನ್ನೂ ಒಂದೇ ದಿನ, ಪ್ಯಾಚ್ ಮತ್ತು ಗಮ್ ಅಥವಾ ಮಾತ್ರೆಯ ಬೆಂಬಲದಲ್ಲಿ ಬಿಡಿ ಎಂಬುದು ನನ್ನ ಸಲಹೆ. ಬ್ರಿಟನ್ನಿನ 2016ರ ಅಧ್ಯಯನವೊಂದರಲ್ಲಿ ಒಂದೇ ದಿನಕ್ಕೆ ನಿಲ್ಲಿಸಿದವರಲ್ಲಿ 49% ನಾಲ್ಕು ವಾರದ ನಂತರವೂ ಬಿಟ್ಟಿದ್ದರು. ಎರಡು ವಾರ ಇಳಿಸುತ್ತಾ ಬಂದು ನಿಲ್ಲಿಸಿದವರಲ್ಲಿ 39%. ಇಬ್ಬರಿಗೂ ಪ್ಯಾಚ್ ಕೊಟ್ಟಿದ್ದರು, ಕೌನ್ಸೆಲಿಂಗ್ ಇತ್ತು.

ತೂಕ ನಾಲ್ಕೈದು ಕೆಜಿ ಏರಬಹುದು, ಈಗ ಅದರ ಚಿಂತೆ ಬೇಡ. ಒಂದು ದಿನ ಜಾರಿ ಒಂದೆರಡು ಸೇದಿದರೂ ಪ್ಯಾಚ್ ತೆಗೆಯಬೇಡಿ, ಮಾರನೇ ದಿನದಿಂದ ಮುಂದುವರಿಸಿ. ಚಿಕಿತ್ಸೆ ಕನಿಷ್ಠ 12 ವಾರ. ಮೂರನೇ ವಾರಕ್ಕೆ ಆರಾಮ ಅನ್ನಿಸಿ ಎಲ್ಲ ನಿಲ್ಲಿಸುವವರೇ ಹೆಚ್ಚಾಗಿ ವಾಪಸ್ ಬರುತ್ತಾರೆ. ನಿಮ್ಮ ಲೆಕ್ಕದಲ್ಲಿ ಹೆರಿಗೆ ಆ 12 ವಾರದೊಳಗೇ ಬರುತ್ತದೆ. ಆಸ್ಪತ್ರೆ ಕಾರಿಡಾರಿನಲ್ಲಿ ರಾತ್ರಿಯಿಡೀ ಕಾಯುವಾಗ, ಆಮೇಲೆ ಗೆಳೆಯರು ಸಿಹಿ ಕೊಡಿಸು ಎಂದು ಹೊರಗೆ ಎಳೆದಾಗ ಬಯಕೆ ಖಂಡಿತ ಬರುತ್ತದೆ. ಶಿವಮೊಗ್ಗಕ್ಕೆ ಹೊರಡುವಾಗ ಗಮ್‌ನ ಎರಡು ಸ್ಟ್ರಿಪ್ ಬ್ಯಾಗಿನಲ್ಲಿ ಹಾಕಿಕೊಳ್ಳಿ.